ಲೀಸ್ ವಿಸ್ತರಣೆ: ಇಂಗ್ಲೆಂಡಿನ ಫ್ಲ್ಯಾಟಿಗೆ ವರ್ಷಗಳನ್ನು ಕೊಳ್ಳುವುದು

ತಂಗಿ 2024ರಲ್ಲಿ ಇಂಗ್ಲೆಂಡಿನಲ್ಲಿ ಫ್ಲ್ಯಾಟ್ ಕೊಂಡಳು. ಅದು ‘ಲೀಸ್‌ಹೋಲ್ಡ್’ ಎಂದಾಗ ಅಮ್ಮನಿಗೆ ಗಾಬರಿ. ‘ಕೊಂಡಳು ಎಂದೆಯಲ್ಲ, ಭೋಗ್ಯಕ್ಕೆ ಹಾಕಿಕೊಂಡಿದ್ದಾಳೆಯೇ?’ ಎಂದು ಕೇಳಿದರು. ಕೇಳಬೇಕಾದ ಪ್ರಶ್ನೆಯೇ ಅದು. ಬೆಂಗಳೂರಿನಲ್ಲಿ ಲೀಸ್ ಎಂದರೆ ಭೋಗ್ಯ: ದೊಡ್ಡ ಮೊತ್ತವನ್ನು ಮಾಲೀಕರ ಕೈಗಿಟ್ಟು, ಬಾಡಿಗೆಯಿಲ್ಲದೆ ಎರಡು ಮೂರು ವರ್ಷ ವಾಸವಿದ್ದು, ಮನೆ ಬಿಡುವಾಗ ಹಣ ವಾಪಸು ಪಡೆಯುವ ಏರ್ಪಾಡು. ಇಂಗ್ಲೆಂಡ್ ಮತ್ತು ವೇಲ್ಸ್‌ನ ಲೀಸ್‌ಹೋಲ್ಡ್‌ಗೂ ಇದಕ್ಕೂ ಹೆಸರಿನ ನಂಟು ಮಾತ್ರ.

ಅಲ್ಲಿ ಲೀಸ್‌ಹೋಲ್ಡ್ ಫ್ಲ್ಯಾಟಿಗೆ ಪೂರ್ತಿ ಬೆಲೆ ತೆರಬೇಕು. ಅದನ್ನು ಮಾರಬಹುದು, ಉಯಿಲು ಬರೆಯಬಹುದು, ಅಡವಿಟ್ಟು ಸಾಲ ಪಡೆಯಬಹುದು. ಆದರೆ ನೆಲ ಮತ್ತು ಕಟ್ಟಡ ಬೇರೊಬ್ಬರವು. ಅವರನ್ನು ಫ್ರೀಹೋಲ್ಡರ್ ಎನ್ನುತ್ತಾರೆ. ಕೊಂಡವರ ಕೈಗೆ ಬರುವುದು ಪತ್ರದಲ್ಲಿ ಬರೆದಷ್ಟು ವರ್ಷಗಳ ಒಡೆತನ. ಅದು 99 ಇರಬಹುದು, 125 ಇರಬಹುದು, 999 ಕೂಡ ಇರಬಹುದು. ಅವಧಿ ಮುಗಿದ ದಿನ ಒಡೆತನ ಫ್ರೀಹೋಲ್ಡರ್‌ಗೆ ಮರಳುತ್ತದೆ. ಪಕ್ಕದ ಸ್ಕಾಟ್ಲೆಂಡಿನಲ್ಲಿ ಈ ತಾಪತ್ರಯವಿಲ್ಲ. ಅಲ್ಲಿ ಫ್ಲ್ಯಾಟ್ ಕೊಂಡವರೇ ಸಾಮಾನ್ಯವಾಗಿ ಪೂರ್ಣ ಒಡೆಯರು.

ತಂಗಿಯ ಪತ್ರದಲ್ಲಿರುವ ಸಾಲು ಹೀಗಿದೆ: 25 ಮಾರ್ಚ್ 1984ರಿಂದ 125 ವರ್ಷ. (ಮಾರ್ಚ್ 25 ಹಳೆಯ ಇಂಗ್ಲೆಂಡಿನಲ್ಲಿ ಬಾಡಿಗೆ ಸಂದಾಯಕ್ಕೆ ಗೊತ್ತುಪಡಿಸಿದ್ದ ನಾಲ್ಕು ದಿನಗಳಲ್ಲೊಂದು, ಎಷ್ಟೋ ಲೀಸುಗಳು ಇಂದಿಗೂ ಆ ದಿನದಿಂದಲೇ ಶುರುವಾಗುತ್ತವೆ.) ಅಂದರೆ 2109ಕ್ಕೆ ಮುಕ್ತಾಯ. ಅವಳು ಕೊಂಡಾಗ ಉಳಿದಿದ್ದದ್ದು 85 ವರ್ಷ. ‘ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಸಾಕು’ ಎಂದಿದ್ದರಂತೆ ಮಾರಿಸಿಕೊಟ್ಟ ದಲ್ಲಾಳಿ. ಆ ಮಾತು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ. 2029ರ ಮಾರ್ಚ್‌ನಲ್ಲಿ ಆ ಲೀಸು 80ಕ್ಕೆ ಇಳಿಯುತ್ತದೆ, ಮತ್ತು 80 ಎಂಬುದು ಈ ವ್ಯವಹಾರದ ಹೊಸ್ತಿಲು.

ಲೀಸ್ ವಿಸ್ತರಣೆ ಎಂದರೆ ಹೀಗೆ ಕರಗುತ್ತಿರುವ ಅವಧಿಗೆ ಹಣ ಕೊಟ್ಟು ವರ್ಷಗಳನ್ನು ಸೇರಿಸಿಕೊಳ್ಳುವುದು. 1993ರ ಕಾಯ್ದೆಯ ಪ್ರಕಾರ ಇದು ಫ್ಲ್ಯಾಟಿನವರ ಹಕ್ಕು; ಫ್ರೀಹೋಲ್ಡರ್‌ನ ದಯೆಗೆ ಕಾಯಬೇಕಾಗಿಲ್ಲ. ಉಳಿದ ಅವಧಿಯ ಮೇಲೆ 90 ವರ್ಷ ಸೇರುತ್ತದೆ, ನೆಲಬಾಡಿಗೆ (ನೆಲದ ಲೆಕ್ಕದಲ್ಲಿ ಫ್ರೀಹೋಲ್ಡರ್‌ಗೆ ಕೊಡುವ ಬಾಡಿಗೆ) ‘ಒಂದು ಕಾಳುಮೆಣಸಿ’ಗೆ ಇಳಿಯುತ್ತದೆ. ಕಾನೂನಿನ ಮಾತೇ ಹಾಗಿದೆ, ಅರ್ಥ ಮಾತ್ರ ಸೊನ್ನೆ. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದದ್ದು ನೆನಪಿರುವ ನಮಗೆ, ಆ ಕಾಳು ಲಂಡನ್ನಿನ ಕರಾರುಪತ್ರದಲ್ಲಿ ‘ಏನೂ ಇಲ್ಲ’ ಎಂಬ ಅರ್ಥಕ್ಕೆ ನಿಂತಿರುವುದು ಸೋಜಿಗವೇ.

80ರ ಗುಟ್ಟು ‘ಮ್ಯಾರೇಜ್ ವ್ಯಾಲ್ಯೂ’ ಎಂಬ ಪದದಲ್ಲಿದೆ. ಇಲ್ಲಿ ಮದುವೆಯಾಗುವುದು ಎರಡು ಹಕ್ಕುಗಳು. ಲೆಕ್ಕಕ್ಕೆಂದು ಇಟ್ಟುಕೊಳ್ಳಿ: ಕಡಿಮೆ ಅವಧಿಯ ಫ್ಲ್ಯಾಟಿನ ಬೆಲೆ 2,40,000 ಪೌಂಡ್, ಮುಂದೊಂದು ದಿನ ಅದು ಮರಳಿ ಬರುತ್ತದೆಂಬ ಫ್ರೀಹೋಲ್ಡರ್‌ನ ಹಕ್ಕಿನ ಬೆಲೆ 10,000. ಒಟ್ಟು 2,50,000. ವಿಸ್ತರಣೆಯಾದ ಮೇಲೆ ಫ್ಲ್ಯಾಟ್ 2,70,000 ಆಯಿತು, ಫ್ರೀಹೋಲ್ಡರ್‌ನ ಹಕ್ಕು ಹೆಚ್ಚುಕಡಿಮೆ ಸೊನ್ನೆಯಾಯಿತು. ಹೊಸದಾಗಿ ಹುಟ್ಟಿದ ಈ 20,000 ಮ್ಯಾರೇಜ್ ವ್ಯಾಲ್ಯೂ. ವಿಸ್ತರಣೆ ಕೇಳಿ ಫ್ರೀಹೋಲ್ಡರ್‌ಗೆ ನೋಟಿಸ್ ಕೊಟ್ಟ ದಿನ 80 ವರ್ಷಕ್ಕಿಂತ ಹೆಚ್ಚು ಉಳಿದಿದ್ದರೆ ಇದು ಲೆಕ್ಕಕ್ಕೇ ಬರುವುದಿಲ್ಲ. ಫ್ರೀಹೋಲ್ಡರ್ ಕಳೆದುಕೊಂಡ 10,000 ಕೊಟ್ಟರೆ ಆಯಿತು. ಇಲ್ಲದಿದ್ದರೆ ಮ್ಯಾರೇಜ್ ವ್ಯಾಲ್ಯೂನ ಅರ್ಧವೂ ಸೇರಿ 20,000 ತೆರಬೇಕು. ಕೆಲವೇ ದಿನಗಳ ಉದಾಸೀನಕ್ಕೆ ಇಷ್ಟು ದಂಡ.

ಕೆಲಸ ಶುರುವಾಗುವುದು ‘ಸೆಕ್ಷನ್ 42 ನೋಟಿಸ್’ನಿಂದ. ಮೌಲ್ಯಮಾಪಕರಿಂದ ಬೆಲೆ ಕಟ್ಟಿಸಿ, ವಕೀಲರ ಮೂಲಕ ನೋಟಿಸ್ ಕಳಿಸಬೇಕು. ಉತ್ತರಿಸಲು ಫ್ರೀಹೋಲ್ಡರ್‌ಗೆ ಕನಿಷ್ಠ ಎರಡು ತಿಂಗಳು. ಬೆಲೆಯಲ್ಲಿ ಒಮ್ಮತ ಬರದಿದ್ದರೆ ಇಂಗ್ಲೆಂಡಿನಲ್ಲಿ ಟ್ರಿಬ್ಯೂನಲ್ ತೀರ್ಮಾನಿಸುತ್ತದೆ. ಎದುರು ಪಕ್ಷದ ವಕೀಲರ ಮತ್ತು ಮೌಲ್ಯಮಾಪಕರ ನ್ಯಾಯವಾದ ಖರ್ಚನ್ನೂ ನೋಟಿಸ್ ಕೊಟ್ಟವರೇ ಭರಿಸಬೇಕೆಂಬ ನಿಯಮ ನನಗೆ ಸರಿಕಾಣುವುದಿಲ್ಲ.

2024ರ ಹೊಸ ಕಾಯ್ದೆಯಲ್ಲಿ 90ರ ಬದಲು 990 ವರ್ಷದ ವಿಸ್ತರಣೆಯಿದೆ, ಮ್ಯಾರೇಜ್ ವ್ಯಾಲ್ಯೂ ರದ್ದತಿಯೂ ಇದೆ. ಆದರೆ ಅಂಗೀಕಾರವಾದ ಮಾತ್ರಕ್ಕೆ ಆ ಭಾಗಗಳು ಜಾರಿಯಾಗುವುದಿಲ್ಲ. ಪ್ರತ್ಯೇಕ ಆದೇಶ ಹೊರಡಬೇಕು. ಬೇಗ ಜಾರಿಯಾದದ್ದು ಬೇರೊಂದು ಬದಲಾವಣೆ: ಫ್ಲ್ಯಾಟ್ ಕೊಂಡು ಎರಡು ವರ್ಷವಾಗುವವರೆಗೆ ನೋಟಿಸ್ ಕೊಡುವಂತಿಲ್ಲ ಎಂಬ ಷರತ್ತು 31 ಜನವರಿ 2025ರಂದು ಹೋಯಿತು.

ಈ ನಡುವೆ ತಂಗಿಗೆ ಫ್ರೀಹೋಲ್ಡರ್‌ನಿಂದ ಒಂದು ಕಾಗದ ಬಂತು. ಕಾಯ್ದೆ, ನೋಟಿಸ್ ಯಾವುದೂ ಬೇಡ, ಕಡಿಮೆ ಹಣಕ್ಕೆ ನಾವೇ ಅವಧಿಯನ್ನು ಮತ್ತೆ 125 ವರ್ಷಕ್ಕೆ ಏರಿಸಿಕೊಡುತ್ತೇವೆ ಎಂದು ಬರೆದಿತ್ತು. ಎರಡನೇ ಪುಟದಲ್ಲಿ, ಈಗಿನ ಅವಧಿ ಮುಗಿಯುವವರೆಗೂ ನೆಲಬಾಡಿಗೆ ಮುಂದುವರಿಯುತ್ತದೆ ಎಂಬ ಸಾಲಿತ್ತು. ಅವಳು ಅದನ್ನು ಬದಿಗಿಟ್ಟು ಮೌಲ್ಯಮಾಪಕರನ್ನು ಕರೆಸಿದಳು. ಕಾಯ್ದೆಯ ದಾರಿಯಲ್ಲಿ ಹೋದರೆ ಅವಳ ಲೀಸು ಮುಗಿಯುವುದು 2199ಕ್ಕೆ.