ಹುಳುಕು ಹಲ್ಲು: ಎಷ್ಟು ಆಳ, ಯಾವ ಚಿಕಿತ್ಸೆ

ಹುಳುಕು ಹಲ್ಲಿನ ಚಿಕಿತ್ಸೆ ಅಂದಕೂಡಲೇ ಫಿಲ್ಲಿಂಗ್, ರೂಟ್ ಕೆನಾಲ್, ಕ್ಯಾಪ್, ಕೀಳುವುದು ಎಂದು ದಂತವೈದ್ಯಕೀಯ ಕಲಿಯುವ ನಾವು ಸಾಲಾಗಿ ಬಾಯಿಪಾಠ ಮಾಡುತ್ತೇವೆ. ಕುರ್ಚಿಯಲ್ಲಿ ಕೂತವರು ಬಾಯಿ ತೆರೆದಾಗ ಆ ಸಾಲು ಕೆಲಸಕ್ಕೆ ಬರುವುದಿಲ್ಲ. ಹುಳುಕು ಎಷ್ಟು ಆಳ ಇಳಿದಿದೆ, ಒಳಗಿನ ನರ ಯಾವ ಸ್ಥಿತಿಯಲ್ಲಿದೆ ಎಂದು ಮೊದಲು ನೋಡಬೇಕು.

ಮೇಲ್ಪದರವಾದ ಎನಾಮೆಲ್‌ನಲ್ಲಿ ನರವಿಲ್ಲ, ಹಾಗಾಗಿ ಅಲ್ಲಿ ಹುಳುಕು ಶುರುವಾದದ್ದು ಗೊತ್ತೇ ಆಗುವುದಿಲ್ಲ. ಬ್ಯಾಕ್ಟೀರಿಯಾ ಸಕ್ಕರೆ ತಿಂದು ಆಮ್ಲ ಬಿಡುತ್ತವೆ. ಪಿಎಚ್ (ಇದು ಇಳಿದಷ್ಟೂ ಆಮ್ಲ ಹೆಚ್ಚು) ಸುಮಾರು 5.5ಕ್ಕಿಂತ ಇಳಿದರೆ ಎನಾಮೆಲ್‌ನ ಖನಿಜ ಕರಗುತ್ತದೆ. ಊಟದ ಜೊತೆ ಎರಡು ಧಾರವಾಡ ಪೇಢೆ ತಿಂದು ಮುಗಿಸುವವರಿಗಿಂತ, ದಿನವಿಡೀ ಸಕ್ಕರೆ ಚಹಾ ಗುಟುಕರಿಸುವವರ ಹಲ್ಲು ಬೇಗ ಕೆಡುವುದು ಇದಕ್ಕೇ: ಗುಟುಕಿಗೊಮ್ಮೆ ಆಮ್ಲ ಏಳುತ್ತದೆ. ಸುಣ್ಣ ಹಚ್ಚಿದಂಥ ಬಿಳಿ ಮಚ್ಚೆ ಮಾತ್ರ ಇದ್ದು ಕುಳಿ ಬಿದ್ದಿಲ್ಲವೆಂದರೆ ಕೊರೆಯಬೇಡಿ. ಫ್ಲೋರೈಡ್ ವಾರ್ನಿಶ್ ಹಚ್ಚಿ, ಸರಿಯಾಗಿ ಹಲ್ಲುಜ್ಜಿಸಿದರೆ ಖನಿಜ ಮರಳಿ ಕೂಡುತ್ತದೆ.

ನಮ್ಮ ಭಾಗದಲ್ಲಿ ಎಡವುವ ಜಾಗವೊಂದಿದೆ. ಗದಗ ಜಿಲ್ಲೆಯ ಮುಂಡರಗಿ ಸೀಮೆಯ ಹಲವು ಊರುಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್, ಲೀಟರಿಗೆ 1.5 ಮಿಲಿಗ್ರಾಂ ಎಂಬ ಮಿತಿಯನ್ನು ಮೀರಿದೆ. ಅಲ್ಲಿಯ ಮಕ್ಕಳ ಹಲ್ಲಿನ ಕಂದು ಕಲೆ ಹೆಚ್ಚಾಗಿ ಫ್ಲೋರೋಸಿಸ್, ಅಂದರೆ ಫ್ಲೋರೈಡ್ ಅತಿಯಾಗಿ ಆದದ್ದು. ಎಡಬಲದ ಜೋಡಿ ಹಲ್ಲುಗಳಲ್ಲಿ ಒಂದೇ ನಮೂನೆ ಕಾಣುತ್ತದೆ. ಅದನ್ನು ಹುಳುಕೆಂದು ಕೊರೆದರೆ ಗಟ್ಟಿ ಹಲ್ಲು ಹಾಳಾದಂತೆ.

ಹುಳುಕು ಎನಾಮೆಲ್ ಕೆಳಗಿನ ಪದರವಾದ ಡೆಂಟಿನ್‌ಗೆ ಇಳಿದು ಕುಳಿ ಬಿದ್ದರೆ ಫಿಲ್ಲಿಂಗ್. ಪುಟ್ಟ ಚಮಚದಂಥ ಎಕ್ಸ್‌ಕವೇಟರ್‌ನಿಂದ ಕೆರೆಯುವಾಗ ಕೈಗೆ ಲಕ್ಷ್ಯ ಕೊಡಿ: ಕೊಳೆತ ಭಾಗ ನೆನೆದ ತೊಗಲಿನಂತೆ ಮೆತ್ತಗೆ ಎದ್ದುಬರುತ್ತದೆ, ಗಟ್ಟಿ ಡೆಂಟಿನ್ ತಾಗಿದರೆ ಕರಕರ ಅನ್ನುತ್ತದೆ. ಕುಳಿ ತುಂಬುವ ಕಾಂಪೋಸಿಟ್ ಎಂಬ ರಾಳ ಹಲ್ಲಿನ ಬಣ್ಣಕ್ಕೆ ಕೂಡುತ್ತದೆ, ಆದರೆ ನೀಲಿ ಬೆಳಕು ಹಾಯಿಸಿ ಗಟ್ಟಿ ಮಾಡುವವರೆಗೂ ಜಾಗ ಒಣಗಿರಲೇಬೇಕು. ಸುಮ್ಮನೆ ಕೂಡದ ಮಕ್ಕಳಿಗೆ ಗ್ಲಾಸ್ ಅಯೊನೊಮರ್ ಸಿಮೆಂಟೇ ವಾಸಿ. ಅದು ಫ್ಲೋರೈಡನ್ನೂ ಬಿಡುತ್ತದೆ. ಪಾದರಸವಿರುವ ಬೆಳ್ಳಿ ಅಮಾಲ್ಗಮ್ ಈಗ ಹಿಂದೆ ಸರಿಯುತ್ತಿದೆ.

ನರದ ಸ್ಥಿತಿ ತಿಳಿಯಲು ನೋವಿನ ಬಗ್ಗೆ ಬಿಡಿಸಿ ಕೇಳಿ. ತಣ್ಣೀರಿಗೆ ಜುಮ್ಮೆಂದು ಕೆಲ ಸೆಕೆಂಡಿಗೆ ನಿಂತರೆ ನರ ಚೇತರಿಸಿಕೊಳ್ಳಬಹುದು. ನಿಲ್ಲದೆ ಎಳೆದರೆ, ತಾನಾಗೇ ಶುರುವಾಗಿ ರಾತ್ರಿ ನಿದ್ದೆಗೆಡಿಸಿದರೆ ಬರೀ ಫಿಲ್ಲಿಂಗ್ ಸಾಲದು.

ಮುಂಡರಗಿ ಹತ್ತಿರದ ಶಿಬಿರದಲ್ಲಿ ಒಬ್ಬ ಅಜ್ಜಿ ಹಲ್ಲಿನ ಕುಳಿಯಲ್ಲಿ ಲವಂಗ ಒತ್ತಿಕೊಂಡು ಬಂದಿದ್ದರು. "ಮೂರು ದಿನಾ ಒದ್ದಾಡೇನಿ ಯವ್ವಾ, ನಿನ್ನಿಂದ ನೋವು ನಿಂತೇತಿ. ಆರಾಮಾತು, ಗುಳಿಗಿ ಕೊಡು ಸಾಕು" ಅಂದರು. ನಾನೂ ಆರಾಮಾಯಿತು ಎಂದೇ ಬರೆದುಕೊಂಡೆ. ನಮ್ಮ ಮೇಡಂ ಕನ್ನಡಿಯ ಹಿಡಿಯಿಂದ ಆ ಹಲ್ಲನ್ನು ಮೆಲ್ಲಗೆ ತಟ್ಟಿದರು. ಅಜ್ಜಿ ಅವರ ಕೈ ಹಿಡಿದುಬಿಟ್ಟರು. ಎಕ್ಸ್‌ರೇಯಲ್ಲಿ ಬೇರಿನ ತುದಿಗೆ ಕಪ್ಪು ನೆರಳು. ನರ ಸತ್ತಿತ್ತು, ಸೋಂಕು ಎಲುಬಿಗೆ ಇಳಿದಿತ್ತು. ನೋವು ನಿಂತಿತು ಎಂದು ಯಾರಾದರೂ ಹೇಳಿದರೆ ಈಗ ನಾನು ತಟ್ಟಿ ನೋಡದೆ ಬಿಡುವುದಿಲ್ಲ.

ಇಂಥ ಹಲ್ಲಿಗೆ ರೂಟ್ ಕೆನಾಲ್: ಸತ್ತ ನರ ತೆಗೆದು, ಸೂಜಿಯಂಥ ಫೈಲ್‌ಗಳಿಂದ ನಾಳ ಅಗಲಿಸಿ, ಕ್ರಿಮಿ ಕೊಲ್ಲುವ ಹೈಪೋಕ್ಲೋರೈಟ್‌ನಿಂದ ತೊಳೆದು, ಮರದ ಹಾಲಿನಿಂದ ಮಾಡಿದ ಗಟಾಪರ್ಚಾ ತುಂಬುತ್ತಾರೆ. ಇಷ್ಟಕ್ಕೇ ಬಿಟ್ಟರೆ ಟೊಳ್ಳಾದ ದವಡೆ ಹಲ್ಲು ಕಟಕ ರೊಟ್ಟಿ ಕಡಿಯುವಾಗ ಸೀಳಬಹುದು; ಕ್ಯಾಪ್ ಹಾಕಿಸಿ ಎಂದು ಒತ್ತಾಯಿಸುವುದು ಅದಕ್ಕೆ.

ಬೇರು ಉದ್ದಕ್ಕೆ ಸೀಳಿದ್ದರೆ, ಕ್ಯಾಪ್ ಹಿಡಿಯಲು ಹಲ್ಲೇ ಉಳಿದಿಲ್ಲದಿದ್ದರೆ ಕೀಳಬೇಕು. ಖಾಲಿ ಜಾಗಕ್ಕೆ ಪಕ್ಕದ ಹಲ್ಲುಗಳ ಆಸರೆಯ ಬ್ರಿಡ್ಜ್, ತೆಗೆದು ಹಾಕುವ ಹಲ್ಲಿನ ಸೆಟ್ ಅಥವಾ ಎಲುಬಿಗೆ ಕೂಡಿಸುವ ಟೈಟಾನಿಯಂ ಇಂಪ್ಲಾಂಟ್. ಹಾಗೇ ಬಿಟ್ಟರೆ ಪಕ್ಕದ ಹಲ್ಲು ವಾಲುತ್ತವೆ.

ಕಿತ್ತ ಮೇಲೆ ಅರ್ಧ ಗಂಟೆ ಹತ್ತಿ ಕಚ್ಚಿ ಹಿಡಿಯಲು ಹೇಳಿ. ಅವತ್ತು ಉಗುಳುವುದು, ಜೋರಾಗಿ ಮುಕ್ಕಳಿಸುವುದು ಬೇಡ. ಹೆಪ್ಪುಗಟ್ಟಿದ ರಕ್ತ ಕಿತ್ತುಬಂದರೆ ಎಲುಬು ತೆರೆದುಕೊಂಡು ಹಲ್ಲುನೋವಿಗಿಂತ ಕೆಟ್ಟ ನೋವು ಶುರುವಾಗುತ್ತದೆ. ತಂಬಾಕು ಹಾಕುವವರಿಗೆ ಈ ಮಾತನ್ನು ಎರಡು ಸಲ ಹೇಳಿ, ಜೊತೆಗೆ ಬಂದವರಿಗೂ ಹೇಳಿ ಕಳಿಸಿ.