ಹಗ್ಗ ಬಿಗಿದಷ್ಟೂ ಬೋಟಿಗೆ ಅಪಾಯ

ಅಮೆರಿಕದ ಫ್ಲಾರಿಡಾ ರಾಜ್ಯದ ಪಶ್ಚಿಮ ಕರಾವಳಿಯಲ್ಲಿ ಕಾಯೋ ಕೋಸ್ಟಾ ಅಂತ ಒಂದು ಸಣ್ಣ ದ್ವೀಪವಿದೆ. 2004ರ ಆಗಸ್ಟ್ 13ರಂದು ಚಾರ್ಲಿ ಎಂಬ ಹರಿಕೇನ್ ಅಲ್ಲಿ ದಡಕ್ಕೆ ಅಪ್ಪಳಿಸಿತು. ಗಾಳಿಯ ವೇಗ ಗಂಟೆಗೆ ಸುಮಾರು 240 ಕಿ.ಮೀ. ಹದಿನೆಂಟು ವರ್ಷ ಕಳೆದು, 2022ರ ಸೆಪ್ಟೆಂಬರ್ 28ರಂದು ಇಯಾನ್ ಬಂತು. ಅದೇ ದ್ವೀಪ, ಹೆಚ್ಚುಕಮ್ಮಿ ಅದೇ ವೇಗ. ಆದರೆ ಚಾರ್ಲಿ ತಂದ ನೀರು ಎರಡು ಮೀಟರ್ ಆಸುಪಾಸಿಗೆ ನಿಂತಿತ್ತು. ಇಯಾನ್ ಬಂದಾಗ ಹತ್ತಿರದ ಫೋರ್ಟ್ ಮೈಯರ್ಸ್ ಬೀಚ್‌ನಲ್ಲಿ ನೀರು ನೆಲಮಟ್ಟದಿಂದ ಮೂರರಿಂದ ನಾಲ್ಕೂವರೆ ಮೀಟರ್ ಏರಿತು. ಅಲ್ಲೇ ಪಕ್ಕದ ಸ್ಯಾನ್ ಕಾರ್ಲೋಸ್ ದ್ವೀಪದಲ್ಲಿ ಕಟ್ಟಿದ್ದ ದೊಡ್ಡ ದೊಡ್ಡ ಸಿಗಡಿ ಬೋಟುಗಳು ದಡದ ಮೇಲೆ ಒಂದರ ಮೇಲೊಂದು ಬಿದ್ದಿದ್ದವು.

ಗಾಳಿ ಅಷ್ಟೇ ಇದ್ದರೂ ನೀರು ಯಾಕೆ ಇಷ್ಟು ಬೇರೆ? ಚಾರ್ಲಿ ಸಣ್ಣ ಗಾತ್ರದ, ವೇಗವಾಗಿ ಓಡಿದ ಚಂಡಮಾರುತ. ಇಯಾನ್ ವಿಶಾಲವಾಗಿತ್ತು, ನಿಧಾನವಾಗಿ ಸಾಗಿತು. ಹೆಚ್ಚು ಅಗಲದ ಸಮುದ್ರವನ್ನು ಹೆಚ್ಚು ಹೊತ್ತು ತಳ್ಳಿತು. ಫ್ಲಾರಿಡಾದ ಆ ಬದಿಯಲ್ಲಿ ನೂರು ಕಿ.ಮೀ.ಗೂ ಜಾಸ್ತಿ ದೂರ ಸಮುದ್ರ ಆಳವಿಲ್ಲ. ಆಳದ ಕಡಲಲ್ಲಾದರೆ ಗಾಳಿ ತಳ್ಳಿದ ನೀರು ಅಡಿಯಿಂದ ವಾಪಸು ಹರಿದುಹೋಗುತ್ತದೆ. ಇಲ್ಲಿ ಅದಕ್ಕೆ ಜಾಗವೇ ಇಲ್ಲ, ದಡದ ಮೇಲೆ ಏರಲೇಬೇಕು. ಚಂಡಮಾರುತದ ನಡುವೆ ವಾಯುಭಾರ ಕುಸಿಯುವುದರಿಂದಲೂ ಸಮುದ್ರ ಉಬ್ಬುತ್ತದೆ, ನಿಜ. ಒಂದು ಮಿಲಿಬಾರ್ ಇಳಿದರೆ ನೀರು ಸುಮಾರು ಒಂದು ಸೆಂ.ಮೀ. ಏರುತ್ತದೆ. ಇಯಾನ್ ದಡ ಮುಟ್ಟುವಾಗ ಒತ್ತಡ ಸುಮಾರು 941 ಮಿಲಿಬಾರ್ ಇತ್ತು. ಮಾಮೂಲಿ 1013. ಅಂದರೆ ಈ ಲೆಕ್ಕದಿಂದ ಮುಕ್ಕಾಲು ಮೀಟರ್ ಕೂಡ ಆಗುವುದಿಲ್ಲ. ಉಳಿದದ್ದೆಲ್ಲ ಮುಖ್ಯವಾಗಿ ಗಾಳಿಯ ಕೆಲಸ. ಆದ್ದರಿಂದಲೇ 2010ರಿಂದ ಅಮೆರಿಕದ ಹವಾಮಾನ ಇಲಾಖೆ ಹರಿಕೇನ್‌ಗಳ 1ರಿಂದ 5ರ ದರ್ಜೆಯನ್ನು ಗಾಳಿಯ ವೇಗಕ್ಕೆ ಮಾತ್ರ ಸೀಮಿತ ಮಾಡಿ, ಉಕ್ಕುವ ನೀರಿನ ಎಚ್ಚರಿಕೆಯನ್ನು ಬೇರೆಯಾಗಿಟ್ಟಿತು. ಬೋಟು ಇರುವವರು ನೋಡಬೇಕಾದದ್ದು ಈ ಎರಡನೆಯದನ್ನು.

ಚಂಡಮಾರುತ ಬರುತ್ತಿದೆ ಅಂದ ಕೂಡಲೇ ಯಾರಿಗಾದರೂ ಹೊಳೆಯುವುದು ಒಂದೇ: ಹಗ್ಗವನ್ನು ಇನ್ನೂ ಬಿಗಿಯಾಗಿ ಕಟ್ಟೋಣ. ಇದೇ ಬೋಟನ್ನು ಮುಳುಗಿಸುವ ಕೆಲಸ. ಲೆಕ್ಕ ಹಾಕಿ ನೋಡಿ.

ಜೆಟ್ಟಿಗೆ ಮೂರು ಮೀಟರ್ ಉದ್ದದ ಹಗ್ಗ ಕಟ್ಟಿದ್ದೀರಿ ಅಂದುಕೊಳ್ಳಿ. ಹಗ್ಗ ಅಡ್ಡಲಾಗಿ, ಬಿಗಿಯಾಗಿದೆ. ನೀರು ಮೂರು ಮೀಟರ್ ಏರಿತು. ಈಗ ಹಗ್ಗ ಓರೆಯಾಗಿ ನಿಲ್ಲಬೇಕು. ಶಾಲೆಯಲ್ಲಿ ಕಲಿತ ಪೈಥಾಗೊರಸ್ ಪ್ರಮೇಯದ ಪ್ರಕಾರ ಅದಕ್ಕೆ ಬೇಕಾದ ಉದ್ದ 4.24 ಮೀಟರ್. ಅಂದರೆ ಶೇ. 41ರಷ್ಟು ಹಿಗ್ಗಬೇಕು. ನೈಲಾನ್ ಹಗ್ಗ ಚೆನ್ನಾಗಿಯೇ ಹಿಗ್ಗುತ್ತದೆ, ಆದರೆ ಅಷ್ಟು ಹಿಗ್ಗುವ ಹೊತ್ತಿಗೆ ತುಂಡಾಗುವ ಹಂತಕ್ಕೆ ಬಂದಿರುತ್ತದೆ. ಅದೇ ಹಗ್ಗ ಹದಿನೈದು ಮೀಟರ್ ಉದ್ದ ಇದ್ದಿದ್ದರೆ? ಬೇಕಾದ ಉದ್ದ 15.3 ಮೀಟರ್. ಬರೀ ಶೇ. 2. ನೈಲಾನ್‌ಗೆ ಅದು ಲೆಕ್ಕಕ್ಕೇ ಇಲ್ಲ.

ಹಗ್ಗ ತುಂಡಾಗದೆ ಗಟ್ಟಿಯಾಗಿ ನಿಂತರೆ ಇನ್ನೂ ಕೆಟ್ಟದ್ದು. ನೀರಿನ ಮಟ್ಟದಲ್ಲಿ 15 ಚದರ ಮೀಟರ್ ಹರಡಿಕೊಂಡಿರುವ ಬೋಟನ್ನು ಬರೀ ಹತ್ತು ಸೆಂ.ಮೀ. ಕೆಳಗೆ ಹಿಡಿದಿಟ್ಟರೆ ನೀರು ಅದನ್ನು ಒಂದೂವರೆ ಟನ್ ಬಲದಿಂದ ಮೇಲಕ್ಕೆ ನೂಕುತ್ತದೆ. ಅರ್ಧ ಮೀಟರ್ ಹಿಡಿದರೆ ಏಳೂವರೆ ಟನ್. ಹಗ್ಗ ಕಟ್ಟುವ ಕ್ಲೀಟ್ ಡೆಕ್ಕಿನಿಂದ ಕಿತ್ತು ಬರುತ್ತದೆ, ಇಲ್ಲವೇ ಅಂಚಿನ ಮೇಲಿಂದ ನೀರು ಒಳಗೆ ನುಗ್ಗುತ್ತದೆ. ಹಾಗಾಗಿ ಅನುಭವಸ್ಥರು ಹತ್ತಿರದ ಕಂಬ ಬಿಟ್ಟು ದೂರದ ಕಂಬಕ್ಕೆ ಕಟ್ಟುತ್ತಾರೆ. ಕಾಲುವೆಯಲ್ಲಾದರೆ ಆಚೆ ದಡಕ್ಕೂ ಹಗ್ಗ ಎಳೆಯುತ್ತಾರೆ. ಬೋಟು ಯಾವುದಕ್ಕೂ ತಾಗದೆ ನಡುವೆ ತೇಲುತ್ತಿರಬೇಕು.

ನೀರು ಇಳಿಯುವುದೂ ಉಂಟು. ಉತ್ತರ ಗೋಳದಲ್ಲಿ ಚಂಡಮಾರುತದ ಗಾಳಿ ಗಡಿಯಾರಕ್ಕೆ ವಿರುದ್ಧವಾಗಿ ಸುತ್ತುತ್ತದೆ. ಇಯಾನ್‌ನ ದಕ್ಷಿಣಕ್ಕಿದ್ದ ಫೋರ್ಟ್ ಮೈಯರ್ಸ್‌ಗೆ ಗಾಳಿ ನೀರನ್ನು ತಂದು ಸುರಿದರೆ, ಉತ್ತರದ ಟ್ಯಾಂಪಾ ಕೊಲ್ಲಿಯಿಂದ ಅದೇ ಗಾಳಿ ನೀರನ್ನು ಹೊರಗೆ ಎಳೆದೊಯ್ದಿತು. ಕೊಲ್ಲಿಯ ತಳ ಕಾಣಿಸಿತು. 2017ರ ಇರ್ಮಾದಲ್ಲೂ ಹೀಗೇ ಆಗಿತ್ತು. ಗಿಡ್ಡ ಹಗ್ಗದ ಬೋಟು ಇಂಥ ಕಡೆ ಜೆಟ್ಟಿಗೆ ನೇತುಬೀಳುತ್ತದೆ.

ತೇಲುವ ಜೆಟ್ಟಿ ಇದ್ದರೆ ಈ ತೊಂದರೆ ಇಲ್ಲ ಅಲ್ವಾ? ಬೋಟಿನ ಜೊತೆ ಅದೂ ಏರುತ್ತದೆ. ಆದರೆ ಅದನ್ನು ಹಿಡಿದಿರುವುದು ಕಂಬಗಳು. ನೀರು ಕಂಬದ ತುದಿ ದಾಟಿದರೆ ಜೆಟ್ಟಿಯೇ ಕಳಚಿಕೊಳ್ಳುತ್ತದೆ. 2012ರ ಅಕ್ಟೋಬರ್‌ನಲ್ಲಿ ಸ್ಯಾಂಡಿ ಬಂದಾಗ ನ್ಯೂಜೆರ್ಸಿ, ನ್ಯೂಯಾರ್ಕ್ ಕಡೆ ಹೀಗೆ ಕೆಲವು ಜೆಟ್ಟಿಗಳು ಕಟ್ಟಿದ್ದ ಬೋಟುಗಳ ಸಮೇತ ತೇಲಿಹೋದವು. ಸ್ಯಾಂಡಿಯಿಂದ 65,000ಕ್ಕೂ ಹೆಚ್ಚು ಬೋಟುಗಳು ಹಾಳಾದವು ಎಂದು ಅಮೆರಿಕದ ಬೋಟು ಮಾಲೀಕರ ಸಂಘ ಬೋಟ್‌ಯುಎಸ್ ಅಂದಾಜು ಮಾಡಿತ್ತು. ಮಲ್ಪೆಯಲ್ಲಿ ಮಳೆಗಾಲದಲ್ಲಿ ಬೋಟುಗಳನ್ನು ಒಂದಕ್ಕೊಂದು ತಾಗಿಸಿ ಸಾಲಾಗಿ ಕಟ್ಟಿರುವುದನ್ನು ನೋಡಿದವರಿಗೆ ಒಂದು ಕಳಚಿದರೆ ಸಾಲೆಲ್ಲ ಏನಾಗಬಹುದು ಅಂತ ಬಿಡಿಸಿ ಹೇಳಬೇಕಿಲ್ಲ.

ಇನ್ನು ಗಾಳಿ. ವೇಗ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟಾಗುತ್ತದೆ. 120 ಕಿ.ಮೀ. ಗಾಳಿ ಒಂದು ಚದರ ಮೀಟರ್ ಮೇಲೆ ಸುಮಾರು 68 ಕೆ.ಜಿ. ಭಾರ ಹಾಕುತ್ತದೆ, 240 ಕಿ.ಮೀ. ಗಾಳಿ 270 ಕೆ.ಜಿ. ಆದ್ದರಿಂದ ಬಿಸಿಲಿಗೆ ಕಟ್ಟಿದ ಮೇಲ್ಛಾವಣಿ ಬಟ್ಟೆ, ಸುತ್ತಿಟ್ಟ ಹಾಯಿ, ಆಂಟೆನಾ ಎಲ್ಲ ಕಳಚಿ ಇಳಿಸಬೇಕು. ಐದು ಚದರ ಮೀಟರ್ ಬಟ್ಟೆ ಬಿಟ್ಟರೆ ಒಂದು ಟನ್ನಿಗೂ ಜಾಸ್ತಿ ಎಳೆತವನ್ನು ನೀವೇ ಹಗ್ಗದ ಮೇಲೆ ಹೇರಿದಂತೆ.

ನನಗೆ ಈ ವಿಷಯದಲ್ಲಿ ಅತಿ ಕುತೂಹಲದ್ದು ಅನಿಸುವುದು ಹಗ್ಗ ಸವೆಯುವ ರೀತಿ. ಬೋಟಿನ ಅಂಚನ್ನು ಹಾಯುವ ಜಾಗದಲ್ಲಿ ಹಗ್ಗ ಪ್ರತಿ ಅಲೆಗೂ ಹಿಗ್ಗಿ ಕುಗ್ಗುತ್ತಾ ಅತ್ತಿತ್ತ ಉಜ್ಜುತ್ತದೆ. ಇದು ರಾತ್ರಿಯಿಡೀ ಸಾವಿರಾರು ಸಲ. ಹೊರಗಿನಿಂದ ಸವೆತ ಒಂದು ಕಡೆಯಾದರೆ, ಒಳಗಿನ ಎಳೆಗಳು ತಮ್ಮತಮ್ಮಲ್ಲೇ ತಿಕ್ಕಿಕೊಂಡು ಬಿಸಿಯಾಗುತ್ತವೆ. ಕಬ್ಬಿಣದ ತಂತಿಯನ್ನು ಒಂದೇ ಜಾಗದಲ್ಲಿ ಬಗ್ಗಿಸುತ್ತಿದ್ದರೆ ಬೆರಳಿಗೆ ಬಿಸಿ ತಾಗುತ್ತದಲ್ಲ, ಹಾಗೆ. ಚಂಡಮಾರುತದ ನಂತರ ಸಿಕ್ಕ ತುಂಡುಗಳಲ್ಲಿ ನೈಲಾನ್ ಒಳಗಿನಿಂದಲೇ ಕರಗಿ ಅಂಟಿಕೊಂಡಿರುವುದು ಕಾಣುತ್ತದೆ. ರಕ್ಷಣೆಗೆಂದು ತೊಡಿಸಿದ ರಬ್ಬರ್ ಪೈಪು ಕೆಲವೊಮ್ಮೆ ಇದನ್ನು ಹೆಚ್ಚಿಸುತ್ತದೆ, ಮಳೆನೀರು ಒಳಗೆ ಹೋಗಿ ತಂಪು ಮಾಡಲು ಬಿಡುವುದಿಲ್ಲ. ನೀರು ಬಸಿಯುವ ಬಟ್ಟೆಯ ಕವಚ ಒಳ್ಳೆಯದು. ಇನ್ನೂ ಒಳ್ಳೆಯದು, ಆ ಉಜ್ಜುವ ಜಾಗಕ್ಕೆ ಮಾತ್ರ ಕಡಿಮೆ ಹಿಗ್ಗುವ ಪಾಲಿಯೆಸ್ಟರ್ ಹಗ್ಗ ಹಾಕಿ, ಅದರಾಚೆಗೆ ಉದ್ದದ ನೈಲಾನ್ ಜೋಡಿಸುವುದು.

ಮಳೆಯನ್ನು ಮರೆಯಬಾರದು. 300 ಮಿ.ಮೀ. ಮಳೆ ಬಿದ್ದರೆ ತೆರೆದ 15 ಚದರ ಮೀಟರ್ ಬೋಟಿನಲ್ಲಿ ನಾಲ್ಕೂವರೆ ಟನ್ ನೀರು ಸೇರುತ್ತದೆ. ನೀರು ಹೊರಹಾಕುವ ಪಂಪು ಬ್ಯಾಟರಿ ಇರುವಷ್ಟು ಹೊತ್ತು ಮಾತ್ರ. ಡೆಕ್ಕಿನ ನೀರು ಹರಿದುಹೋಗುವ ತೂತುಗಳಲ್ಲಿ ಒಂದೆರಡು ಎಲೆ ಸಿಕ್ಕಿಕೊಂಡರೂ ಸಾಕು.

ಸಾಧ್ಯವಿದ್ದರೆ ಬೋಟನ್ನು ನೀರಿನಿಂದ ಎತ್ತಿ, ಎತ್ತರದ ನೆಲದಲ್ಲಿಟ್ಟು, ನೆಲಕ್ಕೆ ಹೂತ ಕೊಕ್ಕೆಗಳಿಗೆ ಪಟ್ಟಿ ಬಿಗಿಯುವುದು ಎಲ್ಲಕ್ಕಿಂತ ಒಳ್ಳೆಯದು. ಅದಾಗದಿದ್ದರೆ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ನಡುವಿನ ಇಕ್ಕಟ್ಟಾದ ಹೊಳೆಗಳು. ಫ್ಲಾರಿಡಾ, ಕೆರಿಬಿಯನ್ ಕಡೆಯವರು ಹಿಂದಿನಿಂದಲೂ ಅಲ್ಲಿ ಆಸರೆ ಪಡೆದಿದ್ದಾರೆ. ಬೇರುಗಳ ಹೆಣಿಗೆ ಅಲೆಯ ಬಲ ಮುರಿಯುತ್ತದೆ. ಇದಕ್ಕೆಲ್ಲ ಎರಡು ಮೂರು ದಿನ ಮೊದಲೇ ಹೊರಡಬೇಕು. ಗಾಳಿ ಜೋರಾದ ಮೇಲೆ ಫ್ಲಾರಿಡಾದ ಎತ್ತುವ ಸೇತುವೆಗಳು ತೆರೆಯುವುದಿಲ್ಲ. ಹಗ್ಗ ಕಟ್ಟಿ ಮುಗಿದ ಮೇಲೆ ಬೋಟಿನಲ್ಲಿ ಯಾರೂ ಉಳಿಯಬಾರದು. ಅಂಥ ಗಾಳಿಯಲ್ಲಿ ಡೆಕ್ಕಿನ ಮೇಲೆ ನಿಂತು ಮಾಡುವಂಥದ್ದು ಏನೂ ಇರುವುದಿಲ್ಲ. ಬೋಟು ಹೋದರೆ ಇನ್ನೊಂದು ತರಬಹುದು.

ನೀರು ಇಳಿಯುವಾಗಲೂ ಬೋಟುಗಳು ಹಾಳಾಗುತ್ತವೆ. ಏರಿದ ನೀರಿನಲ್ಲಿ ಗಿಡ್ಡ ಕಂಬದ ಮೇಲೆ ತೇಲಿಬಂದ ಬೋಟು, ನೀರು ಇಳಿದಂತೆ ಅದೇ ಕಂಬದ ಮೇಲೆ ಕೂತು ತಳ ತೂತಾಗುತ್ತದೆ. ಗಾಳಿ ನಿಂತ ಕೂಡಲೇ ನೋಡಲು ಓಡುವವರು ಇನ್ನೊಂದನ್ನು ಗಮನಿಸಬೇಕು. ಜೆಟ್ಟಿಯ ವಿದ್ಯುತ್ ತಂತಿಗಳು ನೀರಿನಲ್ಲಿ ಬಿದ್ದಿರಬಹುದು. ಕರೆಂಟ್ ತೆಗೆದಿದ್ದಾರೆ ಅಂತ ಖಾತ್ರಿಯಾಗುವವರೆಗೆ ಅಲ್ಲಿ ನೀರಿಗೆ ಕಾಲಿಡಬೇಡಿ.