ಕ್ಯಾಲಿಡ್ರಿಸ್ ಕುಲಕ್ಕೆ ಸೇರಿಕೊಂಡವರು

ಹಳೆಯ ಹಕ್ಕಿ ಪುಸ್ತಕವನ್ನೂ ಹೊಸ ಪಟ್ಟಿಯನ್ನೂ ಪಕ್ಕಪಕ್ಕ ಇಟ್ಟು ನೋಡುವವರು ತಪ್ಪದೆ ಕೇಳುತ್ತಾರೆ: ರಫ್ ಹಕ್ಕಿ ಫಿಲೋಮ್ಯಾಕಸ್ ಆಗಿತ್ತಲ್ವಾ, ಈಗ ಕ್ಯಾಲಿಡ್ರಿಸ್ ಅಂತಿದೆ, ಯಾವುದು ಸರಿ? ಹಕ್ಕಿ ಅದೇ. ಕುಲ, ಅಂದರೆ ಎರಡು ಪದದ ವೈಜ್ಞಾನಿಕ ಹೆಸರಿನ ಮೊದಲ ಪದ, ಬದಲಾಗಿದೆ, ಅಷ್ಟೆ.

ಕ್ಯಾಲಿಡ್ರಿಸ್ ಸಣ್ಣ ಸ್ಯಾಂಡ್‌ಪೈಪರ್‌ಗಳ ಕುಲ. 1804ರಲ್ಲಿ ಜರ್ಮನಿಯ ಪ್ರಾಣಿವಿಜ್ಞಾನಿ ಮೆರೆಮ್ ಈ ಹೆಸರು ಕೊಟ್ಟರು. ಸ್ಟಿಂಟ್, ಡನ್ಲಿನ್, ನಾಟ್ ಎಲ್ಲ ಇಲ್ಲಿನ ಹಳಬರು. ಕೆಸರಿನಲ್ಲಿ ಕೊಕ್ಕು ಚುಚ್ಚುತ್ತಾ ಓಡಾಡುವ ಹಕ್ಕಿಗಳು. ಚಳಿಗಾಲದಲ್ಲಿ ಹೆಚ್ಚಿನವು ಬೂದುಬಣ್ಣಕ್ಕೆ ತಿರುಗುತ್ತವೆ. ಆಗ ಇವುಗಳನ್ನು ಗುರುತಿಸುವುದು ತಲೆನೋವಿನ ಕೆಲಸ.

ಹಿಂದೆ ಕಣ್ಣಿಗೆ ಎದ್ದು ಕಾಣುವ ಗುಣವೊಂದು ಸಿಕ್ಕರೆ ಸಾಕು, ಬೇರೆ ಕುಲ ಮಾಡಿಬಿಡುತ್ತಿದ್ದರು. ಸ್ಯಾಂಡರ್ಲಿಂಗ್‌ಗೆ ಹಿಂಬೆರಳಿಲ್ಲ, ಹಾಗಾಗಿ ಅದಕ್ಕೆ ಕ್ರೊಸೆಥಿಯಾ. ಗಂಡು ರಫ್‌ಗೆ ಜೋಡಿ ಕೂಡುವ ಕಾಲಕ್ಕೆ ಕುತ್ತಿಗೆ ಸುತ್ತ ಗರಿಗಳ ದೊಡ್ಡ ಕಾಲರ್, ಹಾಗಾಗಿ ಫಿಲೋಮ್ಯಾಕಸ್. ಸ್ಯಾಂಡರ್ಲಿಂಗ್ ಮೊದಲೇ ಕ್ಯಾಲಿಡ್ರಿಸ್‌ಗೆ ಬಂತು. ರಫ್ ಮಾತ್ರ ಡಿಎನ್‌ಎ ಹೋಲಿಕೆ ಬರುವ ತನಕ ಹೊರಗೇ ಉಳಿಯಿತು. ಹೋಲಿಸಿ ನೋಡಿದರೆ ವಂಶವೃಕ್ಷದಲ್ಲಿ ಅದರ ಕವಲು ಕ್ಯಾಲಿಡ್ರಿಸ್‌ನ ಕವಲುಗಳ ನಡುವೆಯೇ ಇತ್ತು! ಇನ್ನು ಉಳಿದದ್ದು ಎರಡೇ ದಾರಿ: ಹೊರಗಿದ್ದವರನ್ನು ಒಳಗೆ ಸೇರಿಸಬೇಕು, ಇಲ್ಲವೇ ಕ್ಯಾಲಿಡ್ರಿಸ್ಸನ್ನೇ ಹಲವು ಚೂರು ಮಾಡಬೇಕು. ಸೇರಿಸಿದ್ದೇ ಒಳ್ಳೆಯದಾಯಿತು ಅನ್ನುವವನು ನಾನು. ಕಾಲರ್, ಕೊಕ್ಕಿನ ಆಕಾರ ಇವೆಲ್ಲ ಹತ್ತಿರದ ನೆಂಟರಲ್ಲೂ ಬೇಗ ಬದಲಾಗುವಂಥವು.

ಇದಕ್ಕೆ ಚಮಚದ ಕೊಕ್ಕಿನ ಸ್ಯಾಂಡ್‌ಪೈಪರ್‌ಗಿಂತ ಒಳ್ಳೆಯ ಸಾಕ್ಷಿ ಇಲ್ಲ. ಮೈಯಳತೆ ಸುಮಾರು 15 ಸೆಂಟಿಮೀಟರ್. 1758ರಲ್ಲಿ ಸ್ವೀಡನ್ನಿನ ವಿಜ್ಞಾನಿ ಲಿನ್ನೇಯಸ್ ಬರೀ ಕೊಕ್ಕು ನೋಡಿ ಇದನ್ನು ದೊಡ್ಡ ಚಮಚಕೊಕ್ಕಿನ ಹಕ್ಕಿಗಳ ಜೊತೆ ಸೇರಿಸಿ, ಪ್ಲಾಟೇಲಿಯ ಪಿಗ್ಮಿಯಾ ಎಂದು ಹೆಸರಿಟ್ಟರು. ಆಮೇಲೆ ಅದು ಯೂರಿನೋರಿಂಕಸ್ ಪಿಗ್ಮಿಯಸ್ ಆಯಿತು. ಈಗ ಕ್ಯಾಲಿಡ್ರಿಸ್ ಪಿಗ್ಮಿಯಾ. ಕೊನೆಯ ಅಕ್ಷರ ಯಾಕೆ ಹೀಗೆ ಹೋಗಿ ಬರುತ್ತದೆ ಅಂದರೆ, ಎರಡನೆಯ ಪದ ವಿಶೇಷಣವಾಗಿದ್ದರೆ ಕುಲದ ಹೆಸರಿನ ಲಿಂಗಕ್ಕೆ ಹೊಂದಿಕೊಳ್ಳಬೇಕು. ಯೂರಿನೋರಿಂಕಸ್ ಪುಲ್ಲಿಂಗ, ಕ್ಯಾಲಿಡ್ರಿಸ್ ಸ್ತ್ರೀಲಿಂಗ. ರಫ್‌ನ ಎರಡನೆಯ ಪದವಾದ ಪುಗ್ನಾಕ್ಸ್‌ಗೆ ಈ ತಾಪತ್ರಯವಿಲ್ಲ, ಎರಡು ಲಿಂಗಕ್ಕೂ ಅದೇ ರೂಪ.

ಹೆಸರಿನ ಮುಂದೆ '(ಲಿನ್ನೇಯಸ್, 1758)' ಎಂದು ಬ್ರ್ಯಾಕೆಟ್ ಇರುತ್ತದಲ್ಲ, ಅದು ಸುಮ್ನೆ ಹಾಕಿದ್ದಲ್ಲ. ಮೊದಲು ವಿವರಿಸಿದವರು ಬೇರೆ ಕುಲದಲ್ಲಿ ಇಟ್ಟಿದ್ದರು ಎಂಬ ಗುರುತು ಅದು. ಬ್ರ್ಯಾಕೆಟ್ ಇಲ್ಲದಿದ್ದರೆ ಮೊದಲಿಟ್ಟ ಕುಲದಲ್ಲೇ ಇದೆ ಎಂದರ್ಥ.

ಹಳೆಯ ಪುಸ್ತಕದ ಸೂಚಿಯಲ್ಲಿ ಇಂಥ ಹಕ್ಕಿ ಹುಡುಕುವಾಗ ಎರಡನೆಯ ಪದವನ್ನೇ ಹಿಡಿಯಿರಿ. ಅದರ ಕೊನೆಯಲ್ಲಿ 'ಯಸ್', 'ಯಾ' ಆಚೀಚೆ ಆಗಿದ್ದರೆ ಬೇರೆ ಹಕ್ಕಿ ಎಂದುಕೊಳ್ಳಬೇಡಿ.